ರ‍್ಯಾಕಿನ ಬೆಲೆ, ಬಿಲ್ಲಿನ ಬೆಲೆ ಮತ್ತು ನಡುವೆ ನಿಂತ ಕ್ಯಾಷಿಯರ್

ಪ್ರಶ್ನೆ: ನಾನು ಬಿ.ಕಾಂ. ಮುಗಿಸಿ ಸುಮಾರು ಒಂದು ವರ್ಷದಿಂದ ಬೆಂಗಳೂರಿನ ಪಶ್ಚಿಮ ಭಾಗದ ಸೂಪರ್‌ಮಾರ್ಕೆಟ್ ಒಂದರಲ್ಲಿ ಕ್ಯಾಷಿಯರ್ ಆಗಿದ್ದೇನೆ. ಕೆಲಸ ಕಷ್ಟವೆನಿಸುವುದಿಲ್ಲ, ಆದರೆ ಮನೆಗೆ ಹೋದ ಮೇಲೆ ನೆನಪಿಗೆ ಬರುವುದೆಲ್ಲ ಜಗಳಗಳೇ. ರ‍್ಯಾಕಿನಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು ಬೆಲೆ ಎಂದು ದಿನಕ್ಕೆ ಒಬ್ಬರಾದರೂ ಕೂಗಾಡುತ್ತಾರೆ. ಕಳೆದ ವಾರ ಹಿರಿಯರೊಬ್ಬರು ಕ್ಯೂನಲ್ಲಿದ್ದವರೆಲ್ಲರ ಮುಂದೆ ನನ್ನನ್ನು ಕಳ್ಳಿ ಎಂದರು. ವಿಚಿತ್ರವೆಂದರೆ, ರಜೆಯ ದಿನ ಅಮ್ಮನ ಜೊತೆ ಬೇರೆ ಅಂಗಡಿಗೆ ಸಾಮಾನು ತರಲು ಹೋದಾಗ ನಾನೂ ಹಾಗೆಯೇ ಸಿಟ್ಟಾಗುತ್ತೇನೆ. ಈ ವ್ಯತ್ಯಾಸ ಏಕೆ ಬರುತ್ತದೆ? ಅಂಥವರಿಗೆ ಏನು ಹೇಳಬೇಕು? ಹೋದ ತಿಂಗಳು ನನ್ನ ಗಲ್ಲಾದಲ್ಲಿ 340 ರೂಪಾಯಿ ಕಡಿಮೆ ಬಂತೆಂದು ಸಂಬಳದಲ್ಲಿ ಹಿಡಿದುಕೊಂಡರು, ಹಾಗೆ ಮಾಡಬಹುದೇ?

ಉತ್ತರ: ನಿಮ್ಮ ಕೌಂಟರ್‌ನಲ್ಲಿ ಸಿಡಿಯುವ ಜಗಳಗಳಲ್ಲಿ ಬಹುಪಾಲು ನಿಮ್ಮ ಕೌಂಟರ್‌ನಲ್ಲಿ ಹುಟ್ಟಿದವಲ್ಲ. ಅವು ಅದಕ್ಕೂ ಕೆಲವು ಗಂಟೆಗಳ ಮೊದಲು, ಕೆಲವೊಮ್ಮೆ ಹಿಂದಿನ ರಾತ್ರಿಯೇ, ನಿಮಗೆ ಸಂಬಂಧವಿಲ್ಲದ ಒಂದು ರ‍್ಯಾಕಿನ ಎದುರು ಅಥವಾ ನೀವು ಎಂದೂ ನೋಡಿರದ ಒಂದು ಕಚೇರಿಯ ಕಂಪ್ಯೂಟರ್‌ನಲ್ಲಿ ಹುಟ್ಟಿರುತ್ತವೆ. ಮಳಿಗೆಗಳ ನಿರ್ವಹಣೆಯಲ್ಲಿ ಕೆಲಸ ಮಾಡಿ, ಈಗ ಅದೇ ಕೆಲಸಕ್ಕೆ ಸೇರುವವರಿಗೆ ತರಬೇತಿ ಕೊಡುತ್ತಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಕೇಳುವವರು ಸಾಮಾನ್ಯವಾಗಿ ಒಂದು ಕಡೆಯವರಾಗಿರುತ್ತಾರೆ. ಎರಡೂ ಕಡೆ ನಿಂತು ಎರಡೂ ಕಡೆಯ ಸಿಟ್ಟನ್ನು ಅನುಭವಿಸುತ್ತಿದ್ದೇನೆಂದು ಬರೆದವರು ಕಡಿಮೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಮೊದಲು ನಿಮ್ಮ ಅಮ್ಮನಿಗೆ ನೆನಪಿರಬಹುದಾದ ಶೆಟ್ಟರ ಅಂಗಡಿಯನ್ನು ತೆಗೆದುಕೊಳ್ಳಿ. ಅಲ್ಲಿ ಚೀಟಿ ಕೊಟ್ಟರೆ ಸಾಮಾನು ಕಟ್ಟಿ ಕೊಡುತ್ತಿದ್ದರು. ಬೆಲೆ ನಿಗದಿ ಮಾಡುವವರು, ಅದನ್ನು ಬಾಯಲ್ಲಿ ಹೇಳುವವರು, ದುಡ್ಡು ಎಣಿಸಿಕೊಳ್ಳುವವರು ಮೂವರೂ ಗಲ್ಲಾದ ಹಿಂದೆ ಕುಳಿತ ಒಬ್ಬರೇ ಆಗಿದ್ದರು. ತೊಗರಿಬೇಳೆ ಹೋದ ತಿಂಗಳಿಗಿಂತ ದುಬಾರಿಯೆಂದು ಜಗಳವಾಡಿದರೆ, ಯಶವಂತಪುರದ ಎಪಿಎಂಸಿಯಲ್ಲೇ ಏರಿದೆ ಎಂದೋ, ನಿಮಗಾಗಿ ಎರಡು ರೂಪಾಯಿ ಬಿಡುತ್ತೇನೆ ಎಂದೋ ಉತ್ತರ ಕೊಡಲು ಅವರಿಗೆ ಅಧಿಕಾರವಿತ್ತು. ಸೂಪರ್‌ಮಾರ್ಕೆಟ್ ಆ ಒಬ್ಬರ ಕೆಲಸವನ್ನು ಮೂರು ತುಂಡು ಮಾಡಿತು. ಬೆಲೆಯನ್ನು ಮುಖ್ಯ ಕಚೇರಿಯ ಖರೀದಿ ವಿಭಾಗ ತೀರ್ಮಾನಿಸುತ್ತದೆ, ಅದರ ಚೀಟಿಯನ್ನು ಫ್ಲೋರ್ ಸಿಬ್ಬಂದಿ ರ‍್ಯಾಕಿಗೆ ಅಂಟಿಸುತ್ತಾರೆ, ಹಣವನ್ನು ನೀವು ಪಡೆಯುತ್ತೀರಿ. ಗ್ರಾಹಕರು ಅಂಗಡಿಯೊಳಗೆ ಮುಖ ಕೊಟ್ಟು ಮಾತಾಡುವ ಏಕೈಕ ಮನುಷ್ಯರು ಈ ಮೂವರಲ್ಲಿ ಕೊನೆಯವರು, ಅಂದರೆ ನೀವು. ಬೆಲೆಯ ಬಗ್ಗೆ ಯಾವ ಅಧಿಕಾರವೂ ಇಲ್ಲದವರೂ ನೀವೇ.

ಈ ವಿಭಜನೆಗೆ ನೂರು ವರ್ಷ ದಾಟಿದೆ. ಅಮೆರಿಕದ ಮೆಂಫಿಸ್ ಪಟ್ಟಣದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ 1916ರಲ್ಲಿ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದು, ಗ್ರಾಹಕರು ತಾವೇ ಬುಟ್ಟಿ ಹಿಡಿದು ಸಾಮಾನು ಆರಿಸಿಕೊಂಡು ಕೊನೆಯಲ್ಲಿ ಒಂದೇ ಕಡೆ ಹಣ ಕಟ್ಟುವ ಪದ್ಧತಿಯನ್ನು ತಂದರು. ಅದರಲ್ಲಿ ಪ್ರತಿ ವಸ್ತುವಿನ ಮೇಲೂ ಬೆಲೆ ಬರೆದಿರಬೇಕಿತ್ತು, ಏಕೆಂದರೆ ಕೇಳಲು ಎದುರಿಗೆ ಯಾರೂ ಇರುತ್ತಿರಲಿಲ್ಲ. 1974ರ ಜೂನ್ 26ರಂದು ಒಹಾಯೊ ರಾಜ್ಯದ ಟ್ರಾಯ್ ಊರಿನ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣವೊಂದನ್ನು ಮೊದಲ ಬಾರಿಗೆ ಬಾರ್‌ಕೋಡ್ ಮೂಲಕ ಬಿಲ್ ಮಾಡಿದ ಮೇಲೆ, ವಸ್ತುವಿನ ಮೇಲೆ ಬೆಲೆ ಬರೆಯುವ ಅಗತ್ಯ ಅಲ್ಲಿ ಕ್ರಮೇಣ ಇಲ್ಲವಾಯಿತು. ಬೆಲೆ ರ‍್ಯಾಕಿನ ಚೀಟಿಗೂ ಕಂಪ್ಯೂಟರಿಗೂ ಹೋಯಿತು. ನಮ್ಮಲ್ಲಿ ಹಾಗಾಗಲಿಲ್ಲ. 1990ರಲ್ಲಿ ಎಂಆರ್‌ಪಿ ಪದ್ಧತಿ ಬಂದದ್ದರಿಂದ ಪೊಟ್ಟಣದ ಮೇಲೆ ಗರಿಷ್ಠ ಬೆಲೆ ಉಳಿದುಕೊಂಡಿತು, ಆಮೇಲೆ ಬಂದ ದೊಡ್ಡ ಮಳಿಗೆಗಳು ಅದರ ಮೇಲೆ ರ‍್ಯಾಕಿನ ಚೀಟಿಯನ್ನೂ ಬಾರ್‌ಕೋಡನ್ನೂ ಸೇರಿಸಿದವು. ಹೀಗಾಗಿ ಬೆಂಗಳೂರಿನ ಗ್ರಾಹಕರ ಕಣ್ಣೆದುರು ಒಂದೇ ಸೋಪಿಗೆ ಮೂರು ಬೆಲೆಗಳಿರುತ್ತವೆ: ಪೊಟ್ಟಣದ್ದು, ರ‍್ಯಾಕಿನದ್ದು, ಬಿಲ್ಲಿನದ್ದು. ಬಿಲ್ಲಿನದ್ದು ಉಳಿದೆರಡಕ್ಕಿಂತ ಹೆಚ್ಚಾಗದಿದ್ದರೆ ಮೂರೂ ಬೇರೆ ಬೇರೆಯಾಗಿರುವುದು ಕಾನೂನುಬದ್ಧವಾಗಿಯೇ ಸಾಧ್ಯ ಎಂಬುದನ್ನು ಯಾರೂ ಅವರಿಗೆ ವಿವರಿಸಿರುವುದಿಲ್ಲ.

ಬೆಂಗಳೂರು ಈ ಬಗೆಯ ವ್ಯಾಪಾರಕ್ಕೆ ಹೊಸತೇನಲ್ಲ. 1936ರಲ್ಲಿ ಬ್ರಿಗೇಡ್ ರಸ್ತೆಗೆ ಬಂದ ನೀಲಗಿರೀಸ್, ಕೆಂಪೇಗೌಡ ರಸ್ತೆಯ ಜನತಾ ಬಜಾರ್, ತೋಟಗಾರಿಕಾ ತಜ್ಞ ಡಾ. ಎಂ. ಎಚ್. ಮರಿಗೌಡರ ಪ್ರಯತ್ನದಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್, ಇವೆಲ್ಲ ಚೌಕಾಸಿಯಿಲ್ಲದ ನಿಗದಿತ ಬೆಲೆಯನ್ನು ಈ ಊರಿಗೆ ಅಭ್ಯಾಸ ಮಾಡಿಸಿದವು. ಹಾಪ್‌ಕಾಮ್ಸ್ ಮಳಿಗೆಯ ಬೆಲೆ ಫಲಕವನ್ನು ಓದಿಕೊಂಡು ಸುಮ್ಮನೆ ಅಷ್ಟೇ ದುಡ್ಡು ಎಣಿಸುವ ಹಿರಿಯರನ್ನು ನೀವು ನೋಡಿರಬಹುದು. ಅವರಿಗೆ ಬರೆದ ಬೆಲೆಯೆಂದರೆ ಕೊಟ್ಟ ಮಾತು. ನಿಮ್ಮನ್ನು ಕಳ್ಳಿ ಎಂದವರೂ ಬಹುಶಃ ಅಂಥವರೇ. ಅವರ ಮಾತನ್ನು ನಾನು ಸಮರ್ಥಿಸುತ್ತಿಲ್ಲ, ಆದರೆ ಅವರಿಗೆ ಸಿಟ್ಟು ಬಂದದ್ದು ಎರಡು ರೂಪಾಯಿಗಲ್ಲ, ಬರೆದಿಟ್ಟು ತಪ್ಪಿದ್ದಕ್ಕೆ.

ಈಗ ಆ ತಪ್ಪು ಹೇಗಾಗುತ್ತದೆ ಎಂಬುದಕ್ಕೆ ಬರೋಣ. ಬೆಲೆ ಬದಲಾವಣೆಗಳ ಪಟ್ಟಿ ಸಾಮಾನ್ಯವಾಗಿ ರಾತ್ರಿ ಅಥವಾ ಬೆಳಗಿನ ಜಾವ ಮುಖ್ಯ ಕಚೇರಿಯಿಂದ ಮಳಿಗೆಯ ಸರ್ವರ್‌ಗೆ ಇಳಿಯುತ್ತದೆ. ಬಿಲ್ಲಿಂಗ್ ಯಂತ್ರ ಅದನ್ನು ತಾನಾಗಿಯೇ ತೆಗೆದುಕೊಳ್ಳುತ್ತದೆ, ಆದರೆ ರ‍್ಯಾಕಿನ ಚೀಟಿ ತಾನಾಗಿ ಬದಲಾಗುವುದಿಲ್ಲ. ಯಾರಾದರೂ ಹೊಸ ಚೀಟಿಗಳನ್ನು ಮುದ್ರಿಸಿ, ಕತ್ತರಿಸಿ, ಸಾಲು ಸಾಲಾಗಿ ನಡೆದು, ಹಳೆಯದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎಳೆದು ಹೊಸದನ್ನು ತೂರಿಸಬೇಕು. ಅದೇ ಹೊತ್ತಿಗೆ ಹಾಲು, ಬ್ರೆಡ್ಡು, ತರಕಾರಿಯ ಗಾಡಿಗಳು ಬಂದಿರುತ್ತವೆ. ಬೆಳಗಿನ ಪಾಳಿಗೆ ಇಬ್ಬರು ರಜೆ ಹಾಕಿರುತ್ತಾರೆ. ಚೀಟಿಯ ಕೆಲಸ ಮಧ್ಯಾಹ್ನಕ್ಕೆ ಹೋಗುತ್ತದೆ, ಮಧ್ಯಾಹ್ನದ್ದು ಸಂಜೆಗೆ. ಹತ್ತು ಗಂಟೆಗೆ ಬಂದ ಗ್ರಾಹಕರು ನಿನ್ನೆಯ ಚೀಟಿ ನೋಡಿ ಇಂದಿನ ಬಿಲ್ ಕಟ್ಟುತ್ತಾರೆ. ಇದರಲ್ಲಿ ಮೋಸದ ಉದ್ದೇಶ ಇರುವುದು ಅಪರೂಪ. ಜನ ಕಡಿಮೆ ಇಟ್ಟುಕೊಂಡ ಉಳಿತಾಯ ಇರುವುದೇ ಹೆಚ್ಚು. ಆ ಉಳಿತಾಯದ ಬೆಲೆಯನ್ನು ನೀವು ಮರ್ಯಾದೆಯಲ್ಲಿ ತೆರುತ್ತಿದ್ದೀರಿ ಎಂದು ನಿಮ್ಮ ಮ್ಯಾನೇಜರಿಗೆ ಯಾರಾದರೂ ಹೇಳಬೇಕಾಗಿದೆ.

ಎರಡನೆಯ ಕಾರಣ ನಿಮಗೆ ಚೆನ್ನಾಗಿ ಗೊತ್ತಿರುವ, ಗ್ರಾಹಕರಿಗೆ ಸ್ವಲ್ಪವೂ ಗೊತ್ತಿಲ್ಲದ ಪರದೆಯೊಂದರಲ್ಲಿದೆ. ಬಾರ್‌ಕೋಡ್‌ನ 13 ಅಂಕಿಗಳಲ್ಲಿ ಬೆಲೆ ಎಲ್ಲಿಯೂ ಇರುವುದಿಲ್ಲ. (890ರಿಂದ ಆರಂಭವಾದರೆ ಭಾರತದಲ್ಲಿ ತಯಾರಾದದ್ದು ಎಂಬ ನಂಬಿಕೆಯೂ ಅಷ್ಟು ಸರಿಯಲ್ಲ, ಆ ಕಂಪನಿ ತನ್ನ ಸಂಖ್ಯೆಯನ್ನು ಬಾರ್‌ಕೋಡ್ ಸಂಖ್ಯೆಗಳನ್ನು ಹಂಚುವ ಜಿಎಸ್‌1 ಇಂಡಿಯಾ ಸಂಸ್ಥೆಯಲ್ಲಿ ಪಡೆದಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ.) ಆ ಸಂಖ್ಯೆ ವಸ್ತು ಯಾವುದೆಂದು ಹೇಳುತ್ತದೆ, ಬೆಲೆಯನ್ನು ನಿಮ್ಮ ಸರ್ವರ್ ಹೇಳುತ್ತದೆ. ಕಂಪನಿ ಎಂಆರ್‌ಪಿ ಏರಿಸಿದಾಗ ಬಾರ್‌ಕೋಡ್ ಬದಲಾಗದೆ ಉಳಿಯುವುದೇ ಹೆಚ್ಚಾದ್ದರಿಂದ, ರ‍್ಯಾಕಿನ ಹಿಂಭಾಗದಲ್ಲಿ ಹಳೆಯ 98 ರೂಪಾಯಿಯ ಡಬ್ಬಿ, ಮುಂಭಾಗದಲ್ಲಿ ಹೊಸ 105 ರೂಪಾಯಿಯ ಡಬ್ಬಿ, ಎರಡಕ್ಕೂ ಒಂದೇ ಸಂಖ್ಯೆ ಎಂಬ ಪರಿಸ್ಥಿತಿ ಬರುತ್ತದೆ. ಸ್ಕ್ಯಾನ್ ಮಾಡಿದೊಡನೆ ಪರದೆಯ ಮೇಲೆ ಎರಡು ಸಾಲು ತೆರೆದುಕೊಂಡು ಯಾವ ಎಂಆರ್‌ಪಿ ಎಂದು ಕೇಳುತ್ತದೆ. ಆಗ ಕ್ಯಾಷಿಯರ್ ಡಬ್ಬಿಯನ್ನು ತಿರುಗಿಸಿ, ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ ಬೆಲೆಯನ್ನು ಓದಿ, ಸರಿಯಾದ ಸಾಲನ್ನು ಆರಿಸಬೇಕು. ಶನಿವಾರ ಸಂಜೆ ಏಳಕ್ಕೆ, ಹಿಂದೆ ಎಂಟು ಟ್ರಾಲಿ ನಿಂತಿರುವಾಗ, ಬೆರಳು ತಾನಾಗಿಯೇ ಮೇಲಿನ ಸಾಲಿನ ಮೇಲೆ ಎಂಟರ್ ಒತ್ತುತ್ತದೆ. ಮೇಲಿನ ಸಾಲಿನಲ್ಲಿ ಹೊಸ ಬೆಲೆ ಇದ್ದು ಕೈಯಲ್ಲಿರುವುದು ಹಳೆಯ ಡಬ್ಬಿಯಾದರೆ, ಮುದ್ರಿತ ಎಂಆರ್‌ಪಿಗಿಂತ ಹೆಚ್ಚು ಹಣ ಪಡೆದಂತಾಗುತ್ತದೆ. ಕಾನೂನು ಮಾಪನಶಾಸ್ತ್ರದ, ಅಂದರೆ ತೂಕ-ಅಳತೆಗಳ ಕಾನೂನಿನ, 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ಅದು ಅಪರಾಧ. ಬೆಲೆಯ ವಿಷಯದಲ್ಲಿ ನಿಜವಾಗಿಯೂ ನಿಮ್ಮ ಕೈಯಲ್ಲಿರುವ ತಪ್ಪು ಇದೊಂದೇ ಎನ್ನಬಹುದು. ಆ ಪರದೆ ಬಂದಾಗಲೆಲ್ಲ ಕೈ ನಿಲ್ಲಿಸಿ, ಡಬ್ಬಿಯ ಬೆಲೆಯನ್ನು ಗಟ್ಟಿಯಾಗಿ ಓದಿ, ಆಮೇಲೆ ಒತ್ತುವುದನ್ನು ರೂಢಿಸಿಕೊಳ್ಳಿ. ಗಟ್ಟಿಯಾಗಿ ಓದುವುದರಿಂದ ಗ್ರಾಹಕರಿಗೂ ಕೇಳಿಸುತ್ತದೆ, ಅವರೂ ಒಮ್ಮೆ ಡಬ್ಬಿ ನೋಡುತ್ತಾರೆ.

ತರಕಾರಿಯ ಚೀಟಿ ಇನ್ನೊಂದು ತಂಟೆ. ತೂಕದ ಯಂತ್ರ ಅಂಟಿಸುವ ಬಾರ್‌ಕೋಡ್ 2ರಿಂದ ಆರಂಭವಾಗುತ್ತದೆ. ಅಂಗಡಿಯ ಒಳಬಳಕೆಗೆಂದು ಮೀಸಲಾದ ಅಂಕಿ ಅದು. ಅದರೊಳಗೆ ವಸ್ತುವಿನ ಸಂಖ್ಯೆಯ ಜೊತೆ ಕೆಲವು ಮಳಿಗೆಗಳಲ್ಲಿ ಒಟ್ಟು ಬೆಲೆ ಅಡಕವಾಗಿರುತ್ತದೆ, ಕೆಲವು ಮಳಿಗೆಗಳಲ್ಲಿ ತೂಕ. ತೂಕ ಅಡಕವಾಗಿರುವ ಕಡೆ, ತೂಕದ ಯಂತ್ರಕ್ಕೆ ಹಳೆಯ ದರವೇ ಉಳಿದು ಬಿಲ್ಲಿಂಗ್ ಯಂತ್ರಕ್ಕೆ ಹೊಸ ದರ ಬಂದಿದ್ದರೆ, ಚೀಟಿಯ ಮೇಲೆ ಅಚ್ಚಾದ ಟೊಮೆಟೊ ಬೆಲೆ ಒಂದು, ಬಿಲ್ಲಿನಲ್ಲಿ ಬರುವುದು ಇನ್ನೊಂದು. ಗ್ರಾಹಕರ ಕೈಯಲ್ಲಿ ಅಂಗಡಿಯೇ ಮುದ್ರಿಸಿ ಕೊಟ್ಟ ದಾಖಲೆ ಇರುತ್ತದೆ. ಅಲ್ಲಿ ವಾದಿಸಲು ಏನೂ ಉಳಿಯುವುದಿಲ್ಲ, ಮೇಲ್ವಿಚಾರಕರನ್ನು ಕರೆದು ಚೀಟಿಯ ಬೆಲೆಗೇ ಬಿಲ್ ಮಾಡಿಸುವುದೊಂದೇ ದಾರಿ. ಇನ್ನು ಆಫರ್‌ಗಳ ವಿಷಯ: 1,499 ರೂಪಾಯಿ ದಾಟಿದರೆ ಸಕ್ಕರೆ ಕಡಿಮೆ ಬೆಲೆಗೆ ಎಂದು ದೊಡ್ಡದಾಗಿ ಬರೆದು, ಆ ಮೊತ್ತಕ್ಕೆ ಎಣ್ಣೆ, ಅಕ್ಕಿ ಸೇರುವುದಿಲ್ಲ ಎಂದು ಇರುವೆ ಗಾತ್ರದ ಅಕ್ಷರಗಳಲ್ಲಿ ಬರೆಯುವವರು ಬಿಲ್ಲಿಂಗ್‌ನಲ್ಲಿ ಕೂರುವವರಲ್ಲ ಎಂಬುದಷ್ಟನ್ನು ಹೇಳಿ ಮುಂದೆ ಹೋಗುತ್ತೇನೆ.

ಬೆಲೆಗಳ ಈ ಗೋಜಲು ಎಲ್ಲರಿಗೂ ಒಮ್ಮೆಗೇ ಕಂಡದ್ದು 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ. ಅಂದು ಜಿಎಸ್‌ಟಿ ದರಗಳು ಬದಲಾದವು: ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ ಶೇಕಡ 18ರಿಂದ 5ಕ್ಕೆ, ತುಪ್ಪ ಮತ್ತು ಬೆಣ್ಣೆ 12ರಿಂದ 5ಕ್ಕೆ ಇಳಿದವು, ಪೊಟ್ಟಣದ ಪನೀರಿಗೆ ತೆರಿಗೆಯೇ ಇಲ್ಲವಾಯಿತು. ಆದರೆ ರ‍್ಯಾಕುಗಳಲ್ಲಿ ಇದ್ದದ್ದೆಲ್ಲ ಹಳೆಯ ಎಂಆರ್‌ಪಿ ಅಚ್ಚಾದ ಸರಕು. ಹಿಂದಿನ ರಾತ್ರಿ ಮಳಿಗೆಗಳಲ್ಲಿ ದೀಪ ಆರಲಿಲ್ಲ. ಸರ್ವರ್‌ನ ಪಟ್ಟಿ ಒಂದು ಕಡೆ ಇಳಿಯುತ್ತಿದ್ದರೆ, ಇನ್ನೊಂದು ಕಡೆ ಹುಡುಗರು ನೆಲದ ಮೇಲೆ ಕುಳಿತು ಚೀಟಿ ಕತ್ತರಿಸುತ್ತಿದ್ದರು. ಮರುದಿನ ಕೌಂಟರ್‌ಗಳಲ್ಲಿ ಕೇಳಿಬಂದ ಪ್ರಶ್ನೆಗಳು ತಲೆಕೆಳಗಾಗಿದ್ದವು. ಪೊಟ್ಟಣದ ಮೇಲೆ ಇರುವುದಕ್ಕಿಂತ ಬಿಲ್ಲಿನಲ್ಲಿ ಕಡಿಮೆ ಬಂದಾಗಲೂ ಜನ ಅನುಮಾನಿಸಿದರು. ಇಳಿಯಬೇಕಾದ್ದು ಇಷ್ಟೇನಾ, ಇನ್ನೂ ಇಳಿಯಬೇಕಿತ್ತಲ್ಲವೇ ಎಂದು ಮೊಬೈಲ್ ತೆಗೆದು ಲೆಕ್ಕ ಹಾಕಿದರು. ಶೇಕಡ 18 ಹೋಗಿ 5 ಬಂದರೆ ಬೆಲೆ ಪೂರ್ತಿ ಶೇಕಡ 13ರಷ್ಟು ಇಳಿಯುವುದಿಲ್ಲ, ಏಕೆಂದರೆ ಹಳೆಯ 118 ರೂಪಾಯಿಯ ವಸ್ತು 105ಕ್ಕೆ ಇಳಿದಾಗ ಆಗುವ ಇಳಿಕೆ ಸುಮಾರು ಶೇಕಡ 11 ಎಂದು ಕಾಗದದ ಮೇಲೆ ಬರೆದು ತೋರಿಸಿದ ಕ್ಯಾಷಿಯರ್ ಒಬ್ಬರನ್ನು ನಾನು ಕಂಡೆ. ಬಿಲ್ಲಿನ ಹಿಂಬದಿಯ ಆ ನಾಲ್ಕು ಸಾಲಿನ ಲೆಕ್ಕ ನೋಡಿದ ಮೇಲೆ ಕ್ಯೂನಲ್ಲಿದ್ದವರು ಒಬ್ಬರಿಗೊಬ್ಬರು ಅದನ್ನೇ ವಿವರಿಸತೊಡಗಿದರು. ಗ್ರಾಹಕರ ಅನುಮಾನವನ್ನು ಅವಮಾನವೆಂದು ತೆಗೆದುಕೊಳ್ಳದೆ ಲೆಕ್ಕವೆಂದು ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಾನು ತರಬೇತಿಯಲ್ಲಿ ಈಗಲೂ ಕೊಡುವ ಉದಾಹರಣೆ ಅದೇ.

ಏನು ಹೇಳಬೇಕು ಎಂದು ಕೇಳಿದ್ದೀರಿ. ಏನು ಹೇಳಬಾರದು ಎಂಬುದರಿಂದ ಆರಂಭಿಸುತ್ತೇನೆ: "ಸಿಸ್ಟಮ್‌ನಲ್ಲಿ ಹೀಗೇ ಬರ್ತಿದೆ ಸರ್." ಈ ವಾಕ್ಯ ಸತ್ಯವೇ, ಆದರೆ ಎದುರಿಗಿರುವವರಿಗೆ ಅದು ನಿಮ್ಮ ಕಣ್ಣು ಸುಳ್ಳು, ನಮ್ಮ ಯಂತ್ರ ಸತ್ಯ ಎಂದು ಕೇಳಿಸುತ್ತದೆ. ಅದರ ಬದಲು "ರ‍್ಯಾಕಿನಲ್ಲಿ ಎಷ್ಟು ಬರೆದಿತ್ತು?" ಎಂದು ಕೇಳಿ. ಆ ಪ್ರಶ್ನೆಯಿಂದ ಅವರು ದೂರುವವರಾಗಿ ಉಳಿಯದೆ ಮಾಹಿತಿ ಕೊಡುವವರಾಗುತ್ತಾರೆ, ದನಿ ತಾನಾಗಿ ಇಳಿಯುತ್ತದೆ. ಆಮೇಲೆ ಆ ಒಂದು ವಸ್ತುವನ್ನು ಬದಿಗಿಟ್ಟು, "ಉಳಿದದ್ದು ಬಿಲ್ ಮಾಡುತ್ತಿರುತ್ತೇನೆ, ಅಷ್ಟರಲ್ಲಿ ಚೀಟಿ ನೋಡಿ ಬರಲು ಕಳಿಸುತ್ತೇನೆ" ಎನ್ನಿ. ಕೆಲಸ ನಿಲ್ಲದಿದ್ದರೆ ಹಿಂದಿನ ಕ್ಯೂ ಕೂಡ ನಿಮ್ಮ ವಿರುದ್ಧ ತಿರುಗುವುದಿಲ್ಲ. ಚೀಟಿ ಹಳೆಯದೆಂದು ಗೊತ್ತಾದರೆ ಚೀಟಿಯ ಬೆಲೆಯನ್ನೇ ಪಡೆಯುವುದು ಸರಿ. ಇದರಲ್ಲಿ ಔದಾರ್ಯವೇನೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಪೊಟ್ಟಣದ ಮೇಲಿನ ಬೆಲೆಗಿಂತ ಹೆಚ್ಚು ಪಡೆಯುವುದು ಮಾತ್ರವಲ್ಲ, ವ್ಯಾಪಾರಿ ತಾನೇ ಪ್ರದರ್ಶಿಸಿದ ಬೆಲೆಪಟ್ಟಿಗಿಂತ ಹೆಚ್ಚು ಪಡೆಯುವುದೂ ದೂರು ಕೊಡಲು ಕಾರಣವೆಂದು ಹೇಳಿದೆ. ಆದರೆ ಬೆಲೆ ಇಳಿಸುವ ಅಥವಾ ವಸ್ತುವನ್ನು ಬಿಲ್ಲಿನಿಂದ ತೆಗೆಯುವ ಕೀಲಿ ಮೇಲ್ವಿಚಾರಕರ ಬಳಿ ಇರುತ್ತದೆ. ಅವರು ಬರುವವರೆಗಿನ ಐದು ನಿಮಿಷದಲ್ಲೇ ಬಹುತೇಕ ಬೈಗುಳಗಳು ಹುಟ್ಟುವುದು. ಹಾಗಾಗಿ ನಿಮ್ಮ ಮ್ಯಾನೇಜರಿಗೆ ಒಂದು ಬೇಡಿಕೆ ಇಡಿ: ಇಪ್ಪತ್ತೋ ಮೂವತ್ತೋ ರೂಪಾಯಿಯವರೆಗಿನ ವ್ಯತ್ಯಾಸವನ್ನು ಕ್ಯಾಷಿಯರ್ ತಾನೇ ಸರಿಪಡಿಸಿ, ದಿನದ ಕೊನೆಗೆ ಅದರ ಪಟ್ಟಿ ಕೊಡುವ ಅಧಿಕಾರ ಇರಲಿ. ಆ ಪಟ್ಟಿಯನ್ನು ಓದಿದರೆ ಯಾವ ಸಾಲಿನ ಚೀಟಿಗಳು ಹಳೆಯವು ಎಂಬುದು ಅವರಿಗೇ ತಿಳಿಯುತ್ತದೆ. ಕಳ್ಳಿ ಎಂಬಂಥ ಮಾತು ಬಂದಾಗ ಮಾತ್ರ ಉತ್ತರ ಕೊಡಬೇಡಿ, ಅಳುತ್ತಾ ನಿಲ್ಲಲೂ ಬೇಡಿ. ಕೌಂಟರ್ ಮುಚ್ಚುವ ಫಲಕ ಇಟ್ಟು ಮೇಲ್ವಿಚಾರಕರನ್ನು ಕರೆಯುವ ಹಕ್ಕು ನಿಮಗಿದೆ, ಮತ್ತು ಆ ಹೊತ್ತಿಗೆ ನಿಮ್ಮ ಪರವಾಗಿ ಮಾತಾಡುವುದು ಅವರ ಕೆಲಸ.

ಕೈಚೀಲ ಮತ್ತು ಮೊಬೈಲ್ ನಂಬರಿನ ಜಗಳಗಳಲ್ಲಿ ನಾನು ಗ್ರಾಹಕರ ಪಕ್ಷ. ಮೊದಲೇ ತಿಳಿಸದೆ, ಬಿಲ್ಲಿಂಗ್‌ನ ಹೊತ್ತಿಗೆ ಕೈಚೀಲಕ್ಕೆ ಹಣ ಹಾಕುವುದು ಅನುಚಿತ ವ್ಯಾಪಾರ ಕ್ರಮವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರ್‌ನಲ್ಲೇ ಹೇಳಿದೆ. ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ ಇಲ್ಲ ಎನ್ನಬಾರದೆಂದು 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ವ್ಯಾಪಾರಿಗಳಿಗೆ ಸೂಚಿಸಿದೆ. ಯಾರಾದರೂ ನಂಬರ್ ಕೊಡುವುದಿಲ್ಲವೆಂದರೆ ಸರಿ ಎಂದು ಮುಂದಿನ ವಸ್ತು ಸ್ಕ್ಯಾನ್ ಮಾಡಿ. ದಿನಕ್ಕೆ ಇಷ್ಟು ನಂಬರ್ ಎಂಬ ಗುರಿಯನ್ನು ನಿಮಗೆ ಕೊಟ್ಟಿದ್ದರೆ, ಈ ಸೂಚನೆಯನ್ನು ಮ್ಯಾನೇಜರಿಗೆ ತೋರಿಸಬಹುದು.

ಇನ್ನು ರಜೆಯ ದಿನದ ನಿಮ್ಮ ಸಿಟ್ಟಿನ ಬಗ್ಗೆ. ಅದು ನ್ಯಾಯವಾದದ್ದೇ, ಅದರ ವಿಳಾಸ ಮಾತ್ರ ಬೇರೆಯಿರಲಿ. ಅಮ್ಮನ ಜೊತೆ ಹೋದಾಗ, ಬೆಲೆ ನೋಡಿ ಆರಿಸಿದ ವಸ್ತುಗಳ ರ‍್ಯಾಕಿನ ಚೀಟಿಯನ್ನು ಮೊಬೈಲ್‌ನಲ್ಲಿ ತೆಗೆದುಕೊಂಡಿರಿ. ಕೌಂಟರ್‌ನಲ್ಲಿ ಚಿತ್ರ ತೋರಿಸಿದರೆ ದನಿ ಎತ್ತುವ ಪ್ರಸಂಗವೇ ಬರುವುದಿಲ್ಲ. ಚೀಟಿಯ ಮೇಲೆ ಸಣ್ಣಗೆ ಮುದ್ರಿತವಾಗಿರುವ ವಸ್ತುವಿನ ಹೆಸರನ್ನೂ ತೂಕವನ್ನೂ ಓದಿ, ಏಕೆಂದರೆ ಪಕ್ಕದ ವಸ್ತುವಿನ ಚೀಟಿಯನ್ನು ತನ್ನದೆಂದು ಓದಿಕೊಳ್ಳುವುದು ಗ್ರಾಹಕರ ಕಡೆಯಿಂದ ಆಗುವ ಅತಿ ಸಾಮಾನ್ಯ ಎಡವಟ್ಟು. ಯಾರೋ ಬೇಡವೆಂದು ಬಿಟ್ಟುಹೋದ ಪೊಟ್ಟಣ ತಪ್ಪು ಜಾಗದಲ್ಲಿ ಕುಳಿತಿರುವುದೂ ಉಂಟು. ದೊಡ್ಡ ಪೊಟ್ಟಣವೇ ಅಗ್ಗವೆಂದು ನಂಬದೆ, ಗ್ರಾಂ ಅಥವಾ ಕಿಲೋ ಲೆಕ್ಕದ ಬೆಲೆಯನ್ನು ಹೋಲಿಸಿ. ಈಗ ಬಹುತೇಕ ಪೊಟ್ಟಣಗಳ ಮೇಲೆ ಅದು ಮುದ್ರಿತವಾಗಿರುತ್ತದೆ. ಹಾಲು, ಮೊಸರು, ಬ್ರೆಡ್ಡುಗಳನ್ನು ಸಾಲಿನ ಹಿಂದಿನಿಂದ ತೆಗೆಯುವವರನ್ನು ನೀವು ಒಳಗಿನವರಾಗಿ ಬೈದುಕೊಂಡಿರಬಹುದು, ಆದರೆ ಬೇಗ ಅವಧಿ ಮುಗಿಯುವುದನ್ನು ಮುಂದಿಡುವುದು ಅಂಗಡಿಯ ಅಗತ್ಯ, ಹೆಚ್ಚು ದಿನ ಉಳಿಯುವುದನ್ನು ಒಯ್ಯುವುದು ಮನೆಯ ಅಗತ್ಯ. ಇಬ್ಬರೂ ತಮ್ಮ ತಮ್ಮ ಕೆಲಸವನ್ನೇ ಮಾಡುತ್ತಿದ್ದಾರೆ. ಅಂಗಡಿ ಎರಡು ಸಲ ಹೇಳಿದ ಮೇಲೂ ಚೀಟಿ ಬದಲಿಸದಿದ್ದರೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಂಆರ್‌ಪಿಗಿಂತ ಹೆಚ್ಚು ಪಡೆದಿದ್ದರೆ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೂ ದೂರು ಕೊಡಬಹುದು. ಬಿಲ್ಲನ್ನು ಮಾತ್ರ ಬಿಸಾಡಬೇಡಿ; ಅದರ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಬಿಳಿ ಕಾಗದವಾಗುವುದರಿಂದ ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಮನಸ್ಸಿನಲ್ಲಿ ಉಳಿಯುವುದೆಲ್ಲ ಜಗಳಗಳೇ ಎಂದಿದ್ದೀರಿ. ಈ ಕೆಲಸ ಬಿಟ್ಟವರು ಒಂದೆಡೆ ಸೇರಿದಾಗ ಏನು ಮಾತಾಡುತ್ತಾರೆಂದು ಕೇಳಿಸಿಕೊಂಡವನಾಗಿ ಹೇಳುತ್ತೇನೆ, ಅವರಿಗೆ ನೆನಪಿರುವುದು ಹೆಚ್ಚಾಗಿ ವಿಪರೀತ ಜನ ಬಂದ ದಿನಗಳು. 2016ರ ನವೆಂಬರ್‌ನಲ್ಲಿ ಹಳೆಯ 500, 1,000ದ ನೋಟು ರದ್ದಾಗಿ, ಎಲ್ಲರೂ ಹೊಸ ಎರಡು ಸಾವಿರದ ನೋಟು ಹಿಡಿದು ಬಂದು, ಗಲ್ಲಾದಲ್ಲಿ ಚಿಲ್ಲರೆಯೇ ಇಲ್ಲದೆ, ಪರಿಚಯವಿಲ್ಲದ ಇಬ್ಬರು ಗ್ರಾಹಕರ ಬಿಲ್ಲನ್ನು ಒಂದು ಮಾಡಿ ಅವರೇ ಹೊರಗೆ ಹಂಚಿಕೊಂಡ ದಿನಗಳು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬಾಗಿಲಿನಿಂದ ರಸ್ತೆಯವರೆಗೆ ಸುಣ್ಣದಲ್ಲಿ ವೃತ್ತಗಳನ್ನು ಬರೆದು, ಒಳಗೆ ಐದೈದೇ ಜನರನ್ನು ಬಿಟ್ಟು, ಮೊದಲು ಖಾಲಿಯಾಗುವುದು ಅಕ್ಕಿ ಎಂದುಕೊಂಡಿದ್ದವರಿಗೆ ಮ್ಯಾಗಿಯ ರ‍್ಯಾಕ್ ಬರಿದಾದದ್ದು ಕಂಡ ದಿನಗಳು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆಯಂತೂ ಪ್ರತಿವರ್ಷವೂ ಬರುತ್ತದೆ: ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುವವರ ಗುಂಪು ತರಕಾರಿ ವಿಭಾಗವನ್ನು ಮುಚ್ಚಿಬಿಡುತ್ತದೆ, ಪ್ರತಿಯೊಂದು ಟ್ರಾಲಿಯಲ್ಲೂ ಬಾಳೆಎಲೆ ಹೊರಚಾಚಿರುತ್ತದೆ, ಮತ್ತು ಆ ಎಲೆಗೆ ಬಾರ್‌ಕೋಡ್ ಅಂಟಿಸಲು ಯಾರಿಗೂ ನೆನಪಾಗಿರುವುದಿಲ್ಲ. ಅಂಥ ಸಂಜೆಗಳಲ್ಲಿ ಜಗಳ ಕಡಿಮೆ ಎಂಬುದನ್ನು ಗಮನಿಸಿ. ಎಲ್ಲರ ಕಣ್ಣೆದುರು ಎಲ್ಲರೂ ಬೆವರುತ್ತಿರುವಾಗ ಕ್ಯಾಷಿಯರ್ ಅಂಗಡಿಯ ಪ್ರತಿನಿಧಿಯಾಗಿ ಕಾಣದೆ ದುಡಿಯುತ್ತಿರುವ ಒಬ್ಬ ಹೆಣ್ಣುಮಗಳಾಗಿ ಕಾಣುತ್ತಾಳೆ. ಜಗಳವಾಗುವುದು ಮಾಮೂಲಿ ಮಂಗಳವಾರದ ಮಧ್ಯಾಹ್ನ.

ನೀವು ಕೇಳದಿದ್ದರೂ ಒಂದು ಮಾತು: ದಿನವಿಡೀ ನಿಂತೇ ಇದ್ದರೆ ಸಹನೆ ಸಂಜೆಗೆ ಉಳಿಯುವುದಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಐದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ದುಡಿಸಿಕೊಳ್ಳುವಂತಿಲ್ಲ, ನಡುವೆ ಕನಿಷ್ಠ ಒಂದು ಗಂಟೆಯ ಬಿಡುವು ಕೊಡಬೇಕು ಎನ್ನುತ್ತದೆ. ವಾರಕ್ಕೆ ಒಂದು ರಜೆ ಕಡ್ಡಾಯ. ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ತಮ್ಮ ಅಂಗಡಿ ಕಾಯ್ದೆಗಳಿಗೆ ತಿದ್ದುಪಡಿ ತಂದು ಕೊಟ್ಟಿವೆ. ಜವಳಿ ಅಂಗಡಿಗಳಲ್ಲಿ ದಿನಪೂರ್ತಿ ನಿಲ್ಲುತ್ತಿದ್ದ ಹೆಣ್ಣುಮಕ್ಕಳ ಹೋರಾಟದಿಂದ ಕೇರಳದ ತಿದ್ದುಪಡಿ ಬಂತು. ನಿಮ್ಮ ಕೌಂಟರ್‌ಗೊಂದು ಎತ್ತರದ ಸ್ಟೂಲ್ ಕೇಳುವುದಕ್ಕೆ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ.

ಕೊನೆಯದಾಗಿ 340 ರೂಪಾಯಿ. ಗಲ್ಲಾದಲ್ಲಿ ಕೊರತೆ ಬರುವುದಕ್ಕೆ ಕಳವು ಕಾರಣವಾಗುವುದು ತೀರಾ ಕಡಿಮೆ. ಯುಪಿಐ ಎಂದು ಒತ್ತಬೇಕಾದಲ್ಲಿ ನಗದು ಎಂದು ಒತ್ತಿರುವುದು, ಗ್ರಾಹಕರ ಮೊಬೈಲ್‌ನಲ್ಲಿ ಹಣ ಹೋಯಿತೆಂದು ಬಂದು ನಿಮ್ಮ ಕಡೆ ಬರದೇ ಇರುವುದು, ಬಿಲ್ಲಿನಿಂದ ತೆಗೆಯಬೇಕಾಗಿದ್ದ ವಸ್ತು ಉಳಿದುಬಿಟ್ಟದ್ದು, ಪಾಳಿ ಬದಲಾಗುವಾಗ ಹಿಂದಿನವರು ಕೊಟ್ಟ ಚಿಲ್ಲರೆಯನ್ನು ಎಣಿಸದೆ ತೆಗೆದುಕೊಂಡದ್ದು, ಇವೇ ಹೆಚ್ಚು. ಕಾನೂನು ಇಲ್ಲಿ ಎರಡನ್ನೂ ಹೇಳುತ್ತದೆ. ಲೆಕ್ಕ ಕೊಡಬೇಕಾದ ಹಣ ನೌಕರರ ನಿರ್ಲಕ್ಷ್ಯದಿಂದಲೇ ನೇರವಾಗಿ ನಷ್ಟವಾಗಿದ್ದರೆ ಅಷ್ಟನ್ನು ಸಂಬಳದಲ್ಲಿ ಹಿಡಿಯಬಹುದು. ಆದರೆ ಕಾರಣ ಹೇಳಿಕೊಳ್ಳಲು ಅವಕಾಶ ಕೊಡದೆ ಹಿಡಿಯುವಂತಿಲ್ಲ, ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಹಿಡಿದದ್ದನ್ನು ದಾಖಲೆಯಲ್ಲಿ ಬರೆಯಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ರಕ್ಷಣೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲೂ ಇದೆ. ನಿಮ್ಮ ಪತ್ರದಲ್ಲಿ ಯಾರೂ ವಿವರಣೆ ಕೇಳಿದ ಸುದ್ದಿಯಿಲ್ಲ. ಹಾಗಿದ್ದರೆ ಆ ದಿನದ ಗಲ್ಲಾದ ವರದಿ, ಯುಪಿಐ ಪಟ್ಟಿ ಮತ್ತು ಬಿಲ್ ರದ್ದತಿಯ ಪಟ್ಟಿ ಮೂರನ್ನೂ ನೋಡಲು ಕೊಡಿ ಎಂದು ಮಾನವ ಸಂಪನ್ಮೂಲ ವಿಭಾಗಕ್ಕೆ ಇಮೇಲ್ ಕಳಿಸಿ, ಬಾಯಿಮಾತಿನಲ್ಲಿ ಕೇಳಬೇಡಿ. ಯುಪಿಐಯನ್ನು ನಗದು ಎಂದು ಒತ್ತಿದ್ದರೆ ಯುಪಿಐ ಖಾತೆಯಲ್ಲಿ ಅಷ್ಟೇ ಮೊತ್ತ ಹೆಚ್ಚಾಗಿ ಕಾಣುತ್ತದೆ, ಆಗ ಅಂಗಡಿಗೆ ನಷ್ಟವೇ ಆಗಿಲ್ಲ. ಮುಂದೆ ಪಾಳಿ ಆರಂಭಿಸುವಾಗ ಗಲ್ಲಾದ ಚಿಲ್ಲರೆಯನ್ನು ಇಬ್ಬರೂ ಎಣಿಸಿ ಸಹಿ ಹಾಕುವುದನ್ನು ತಪ್ಪಿಸಬೇಡಿ, ಹೊರಗೆ ಹೋಗುವಾಗ ಎರಡು ನಿಮಿಷಕ್ಕಾದರೂ ಯಂತ್ರವನ್ನು ಲಾಕ್ ಮಾಡಿ, ನಿಮ್ಮ ಪಾಸ್‌ವರ್ಡ್‌ನಲ್ಲಿ ಬೇರೆಯವರು ಬಿಲ್ ಮಾಡಲು ಬಿಡಬೇಡಿ. ಇಮೇಲ್‌ಗೆ ಹದಿನೈದು ದಿನಗಳಲ್ಲಿ ಉತ್ತರ ಬಾರದಿದ್ದರೆ ಅದರ ಪ್ರತಿ ಮತ್ತು ಸಂಬಳದ ಚೀಟಿಯೊಂದಿಗೆ ನಿಮ್ಮ ಭಾಗದ ಕಾರ್ಮಿಕ ನಿರೀಕ್ಷಕರನ್ನು ಭೇಟಿ ಮಾಡಿ. ಅವರ ಕಚೇರಿ ಯಾವುದೆಂದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿದರೆ ತಿಳಿಸುತ್ತಾರೆ.